ನಿನ್ನ ಕಡೆಯ ಬಾಗಿಲು

ಲೇ ಇವಳೇ,

ನೀನು ಹೋಗಿ ವರ್ಷವಾಯಿತು, ಇದನ್ನು ಓದುವವರಿಲ್ಲ. ನೀನು ಓದಿದ್ದರೆ ನನ್ನ ನಾಲ್ಕನೇ ಕ್ಲಾಸಿನ ಕಾಗುಣಿತ ನೋಡಿ ನಗುತ್ತಿದ್ದೆ.

ಶನಿವಾರ ಮಗಳು ಬಾಡಿಗೆ ಕಾರು ತಂದು, "ಅಪ್ಪ, ಬೆಟ್ಟದ ಕಡೆ ಹೋಗೋಣ, ನೀನೇ ಓಡಿಸು" ಅಂತ ಹಿಂದೆ ಕೂತಳು. ಹೊಸ ಕಾರು, ಸದ್ದೇ ಇಲ್ಲ. ನಮ್ಮ ಹಳೇ ಡಕೋಟಾ ಕಾರಿನಲ್ಲಿ ನಿನ್ನ ಕಡೆಯ ಬಾಗಿಲು ಒಳಗಿನಿಂದ ತೆರೆಯುತ್ತಲೇ ಇರಲಿಲ್ಲವಲ್ಲ. ಗ್ಯಾರೇಜಿನಲ್ಲಿ ಕಂಡವರ ಕಾರನ್ನೆಲ್ಲ ರಿಪೇರಿ ಮಾಡಿದವನು ಅದೊಂದನ್ನು ಮುಟ್ಟಲಿಲ್ಲ. "ಊರಿಗೆ ಉಪಕಾರಿ, ಮನೆಗೆ ಮಾರಿ" ಅಂತ ನೀನು ಅಣಕಿಸುತ್ತಿದ್ದೆ.

ಬೆಟ್ಟದ ದೊಡ್ಡ ತಿರುವು ಬಂತು. ಹಿಂದೊಮ್ಮೆ ಅಲ್ಲೇ ನೀನು, "ರೀ, ಒಂದು ನಿಮಿಷ ನಿಲ್ಲಿಸಿ, ಇಳಿದು ಕಣಿವೆ ನೋಡ್ತೀನಿ" ಅಂದಿದ್ದೆ. "ನಿನಗೆ ಬಾಗಿಲು ತೆಗೆಯೋಕೆ ನಾನಿಳೀಬೇಕಾ? ಕೂತಲ್ಲಿಂದಲೇ ನೋಡು" ಅಂತ ಗದರಿದ್ದೆ.

ಈ ಸಲ ಯಾರೂ ಕೇಳದೆ ನಿಲ್ಲಿಸಿದೆ. ಇಳಿದು, ಕಾರು ಸುತ್ತಿ ಬಂದು, ನಿನ್ನ ಕಡೆಯ ಬಾಗಿಲು ತೆಗೆದು ನಿಂತೆ.

"ಅಪ್ಪ, ಅಲ್ಲಿ ಯಾರೂ ಇಲ್ಲವಲ್ಲ?" ಅಂದಳು ಮಗಳು.

"ಗಾಳಿ ಬರಲಿ ಅಂತ ತೆಗೆದೆ. ತಲೆ ತಿನ್ನಬೇಡ."

ಕಣಿವೆ ತುಂಬ ಮಂಜಿತ್ತು. "ಹೊರಡೋಣ್ವಾ?" ಅಂತ ಅವಳು ಎರಡು ಸಲ ಕೇಳಿದಳು. ಮಂಜು ಸರಿದು ಕೆಳಗಿನ ಹೊಳೆ ಕಾಣುವವರೆಗೂ ನಾನು ಆ ಬಾಗಿಲು ಹಾಕಲಿಲ್ಲ.