ಯಶಸ್ವಿನಿ ಕಾರ್ಡು, ಇವರ ಮರ್ಯಾದೆ

ಡಿಸೆಂಬರ್ 9, ಮಂಗಳವಾರ

ಕಣದಲ್ಲಿ ಕಾಫಿ ಕೈಯಾಡಿಸಿ ಬರೋಷ್ಟರಲ್ಲಿ ಮತ್ತೆ ಬಲಪಕ್ಕೆ ಹಿಡೀತು. ವಾಂತಿ. ಪಿತ್ತಕೋಶದಲ್ಲಿ ಕಲ್ಲು, ಆಪರೇಷನ್ ತಡ ಮಾಡ್ಬೇಡಿ ಅಂತ ಡಾಕ್ಟ್ರು ಹೇಳಿದ್ದು ದೀಪಾವಳಿಗೆ ಮುಂಚೆ. ಇವ್ರಿಗೆ ಹೇಳಿದ್ರೆ — "ಖಾರ ಕಮ್ಮಿ ತಿನ್ನು." ಅಷ್ಟೇ. ನಾಯಿಗೆ ಕಾಲು ಉಳುಕಿದ್ರೆ ಜೀಪಲ್ಲಿ ಮೂಡಿಗೆರೆಗೆ ಕರ್ಕೊಂಡು ಹೋದ ಮನುಷ್ಯ.

ಡಿ. 11

ಪಕ್ಕದ ಮನೆ ಶಿಲ್ಪಾ ಬಂದಿದ್ಲು. ಅವಳ ಅತ್ತೆಗೆ ಇದೇ ಆಪರೇಷನ್ ಯಶಸ್ವಿನಿ ಕಾರ್ಡಲ್ಲಿ ಆಸ್ಪತ್ರೆ ಖರ್ಚಿಲ್ದೆ ಆಯ್ತಂತೆ. "ಅಕ್ಕ, ವೀರೇಂದ್ರಣ್ಣ ಸೊಸೈಟಿ ಮೆಂಬರ್ರು ತಾನೇ? ಮನೆಯವರಿಗೆಲ್ಲ ಬರತ್ತೆ. ಈ ತಿಂಗಳ ಕೊನೆ ಒಳಗೆ ವರ್ಷದ ದುಡ್ಡು ಕಟ್ಬೇಕು."

ನನಗೆ ಗೊತ್ತೇ ಇರ್ಲಿಲ್ಲ. ಇವ್ರಿಗೆ ಗೊತ್ತಿತ್ತು. ಊಟಕ್ಕೆ ಬಂದಾಗ ಕೇಳಿದೆ. "ಲಿಂಗಪ್ಪನ ಸೊಸೈಟಿ ಬಾಗಿಲು ತುಳಿಯಲ್ಲ. ಅವನ ದಯೆಯಲ್ಲಿ ಬದುಕೋ ಗತಿ ಬಂದಿಲ್ಲ."

ಲಿಂಗಪ್ಪ ಭಾವ ಇವರ ದೊಡ್ಡಪ್ಪನ ಮಗ. ಸೊಸೈಟಿ ಎಲೆಕ್ಷನ್‌ನಲ್ಲಿ ಇವರನ್ನ ಸೋಲಿಸಿ ಅಧ್ಯಕ್ಷರಾದ್ರು. ಸೋತಿದ್ದು ಇವ್ರು, ನೋವು ನನ್ನ ಹೊಟ್ಟೇಲಿ. ಕಾರ್ಡು ಅವರಪ್ಪನ ಮನೇದಲ್ಲ, ಸರ್ಕಾರದ್ದು ಅಂದೆ. ತಟ್ಟೆ ತಳ್ಳಿ ಎದ್ದು ಹೋದ್ರು. ಹೋಗ್ಲಿ.

ಡಿ. 22

ಇವ್ರು ಕುಯ್ಲಿಗೆ ಆಳು ಹುಡುಕ್ಕೊಂಡು ಗೋಣಿಬೀಡಿನ ಕಡೆ ಹೋಗಿದ್ರು. ಆಧಾರ್, ರೇಷನ್ ಕಾರ್ಡು, ಫೋಟೋ ಎಲ್ಲ ಹಿಡ್ಕೊಂಡು ಸೊಸೈಟಿಗೆ ಹೋದೆ. ಭಾವ ಅಲ್ಲೇ ಕೂತಿದ್ರು. ಏನು ಅಂದುಬಿಡ್ತಾರೋ ಅಂತ ಬಾಗಿಲಲ್ಲೇ ನಿಂತೆ.

"ಕೂತ್ಕೋ ರುದ್ರಾಣಿ. ಮುಖ ಯಾಕಮ್ಮ ಹಿಂಗಾಗಿದೆ?"

ಹಾಳಾದ ಕಣ್ಣೀರು, ಅಲ್ಲೇ ಬರ್ಬೇಕಾ. ಬರೆಸಿದ್ದು ಇವರ ಹೆಸರಲ್ಲೇ, ಮೆಂಬರ್ ಇವರಲ್ವಾ. ಕಟ್ಟಿದ್ದು ನನ್ನ ಹಾಲಿನ ದುಡ್ಡು.

ಜನವರಿ 1

ಯಾರೋ ಕಿವಿ ಊದಿದ್ದಾರೆ. ನಿನ್ನೆ ಕೊನೇ ದಿನ. ಇವ್ರು ಸೊಸೈಟಿಗೆ ಹೋಗಿ, "ಮೆಂಬರ್ ನಾನು, ನನ್ನ ಕೇಳ್ದೆ ಹೆಂಗೆ ಬರ್ಕೊಂಡ್ರಿ?" ಅಂತ ಎಲ್ಲರೆದುರು ಕೂಗಾಡಿ ಕ್ಯಾನ್ಸಲ್ ಮಾಡಿಸಿ ಬಂದ್ರು. ದುಡ್ಡು ತಂದು ಒಲೆಕಟ್ಟೆ ಮೇಲಿಟ್ರು. "ಕುಯ್ಲು ಮುಗೀಲಿ, ಮಂಗಳೂರಲ್ಲೇ ಮಾಡಿಸ್ತೀನಿ. ಸದ್ಯ, ಮರ್ಯಾದೆ ಉಳೀತು."

ಹೋದ ಕುಯ್ಲಿನ ದುಡ್ಡು ಎಲೆಕ್ಷನ್ನಿಗೆ ಸುರಿದ್ರು. ಈ ಸಲದ್ದು ಯಾವುದಕ್ಕೋ. ಇನ್ನು ಒಂದು ವರ್ಷ ಕಾರ್ಡಿಲ್ಲ. ಥೂ.

ಜ. 6

ಕಣ್ಣು ಹಳದಿ ಆಗಿದೆ. ಕನ್ನಡೀಲಿ ನಾನೇ ನೋಡ್ಕೊಂಡೆ. ಇವ್ರು ಎದುರಿಗೇ ಕೂತು ಕಾಫಿ ಕುಡಿದ್ರು, ನೋಡ್ಲಿಲ್ಲ.

ಬ್ಯಾಗಿಗೆ ಎರಡು ಸೀರೆ, ಸ್ಕ್ಯಾನಿಂಗ್ ರಿಪೋರ್ಟು. ಬೆಳಿಗ್ಗೆ ಮೊದಲ ಬಸ್ಸಿಗೆ ಚಿಕ್ಕಮಗಳೂರು, ಸರ್ಕಾರಿ ಆಸ್ಪತ್ರೆ. ಜನರಲ್ ವಾರ್ಡಾದ್ರೆ ಜನರಲ್ ವಾರ್ಡು. ಶಿಲ್ಪಾ ಜೊತೆಗೆ ಬರ್ತಾಳೆ. ಆಪರೇಷನ್ ಅಂದ್ರೆ ಗಂಡ ಎಲ್ಲಿ, ಸಹಿ ಬೇಕು ಅಂತಾರಂತೆ. "ಏನು ಹೇಳ್ತೀರಕ್ಕ?" ಅಂದ್ಲು.

ಯೋಚ್ನೆ ಮಾಡೋದೇನಿದೆ. ನನಗೆ ಗಂಡ ಇಲ್ಲ ಅಂತ ಬರೆಸ್ತೀನಿ.