ಮೂರು ಸಲ ಕೂಗಿದರಂತೆ

ಎಂಟು ತಿಂಗಳ ಹೊಟ್ಟೆ ಹೊತ್ತುಕೊಂಡು ಕೂತಲ್ಲಿ ಕೂರಲಾರದೆ ಚಡಪಡಿಸುತ್ತಿರುವ ನನ್ನ ಮಗಳಿಗೆ,

ಆಶೀರ್ವಾದ ಕೊನೆಗಿರಲಿ, ಮೊದಲು ನನ್ನ ಸಿಟ್ಟನ್ನು ಓದು.

"ಏನಾಯ್ತಪ್ಪಾ, ಎಲ್ಲಾ ಬಿಡಿಸಿ ಬರಿ" ಎಂದು ನೀನು ಹತ್ತು ಮೆಸೇಜು ಹಾಕಿದೆ. ನಾನು "ಚೆನ್ನಾಗಿದ್ದೇವೆ" ಎಂದು ಒಂದೇ ಮಾತು ಬರೆದು ಸುಮ್ಮನಿದ್ದೆ. ಆದರೆ ನಿನ್ನೆ, "ನಾನಿದ್ದಿದ್ರೆ ಹೀಗಾಗ್ತಿರಲಿಲ್ಲ, ತಪ್ಪೆಲ್ಲಾ ನಂದೇ, ಮುಂದಿನ ವಾರ ಬಸ್ಸು ಹತ್ತಿ ಬರ್ತೀನಿ" ಎಂದು ಬರೆದೆಯಲ್ಲ, ಅದನ್ನು ಓದಿ ಮೈಯೆಲ್ಲ ಉರಿದುಹೋಯಿತು. ಹೊಳೆ ಕಟ್ಟೆ ಒಡೆದದ್ದು, ಊರಿಗೆ ನೀರು ನುಗ್ಗಿದ್ದು, ನಿನ್ನ ಅಪ್ಪ ಅಮ್ಮನಿಗೆ ಕಿವಿ ಕೇಳದಿರುವುದು, ಎಲ್ಲ ನಿನ್ನ ತಪ್ಪೇ? ಅದಕ್ಕೇ ಕೂತು ಬರೆಯುತ್ತಿದ್ದೇನೆ. ಕಾಗದಕ್ಕೇನೂ ಬರವಿಲ್ಲ. ಪರಿಹಾರದ ಫಾರಮ್ಮುಗಳು ರಾಶಿ ಬಿದ್ದಿವೆ, ಹಿಂಬದಿ ಖಾಲಿ. ಅವುಗಳಿಂದ ಇಷ್ಟಾದರೂ ಉಪಕಾರವಾಗಲಿ.

ಆ ದಿನ ಬೆಳಿಗ್ಗೆ ನಾನು ಔಷಧಿ ಅಂಗಡಿಯ ಬೋರ್ಡೊಂದಕ್ಕೆ ಎರಡನೇ ಕೋಟು ಬಣ್ಣ ಹೊಡೆಯುತ್ತಿದ್ದೆ. ನಿನ್ನಮ್ಮ ಅಡುಗೆಮನೆಯಲ್ಲಿದ್ದಳು. ಎಲ್ಲರೂ ಮನೆ ಬಿಟ್ಟು ಹೊರಡಿ ಎಂದು ಕೂಗುತ್ತ ಮೈಕು ಕಟ್ಟಿದ ಜೀಪು ನಮ್ಮ ಬೀದಿಯಲ್ಲಿ ನಾಲ್ಕು ಸಲ ಓಡಾಡಿತಂತೆ. ಅದನ್ನು ನಾನೂ ನೋಡಿದೆ. ಚುನಾವಣೆಯದ್ದೋ ಸರ್ಕಸ್ಸಿನದ್ದೋ ಇರಬೇಕು ಅಂದುಕೊಂಡು ಅಕ್ಷರದ ಬಾಲ ತಿದ್ದುತ್ತ ಕೂತೆ. ಕರೆಗಂಟೆ ಒತ್ತಿದರೆ ಒಳಗೆ ಬಲ್ಬು ಮಿನುಗುವ ಹಾಗೆ ನಾವಿಬ್ಬರೂ ತಂತಿ ಎಳೆದಿದ್ದೆವಲ್ಲ, ಅದೂ ಕೈಕೊಟ್ಟಿತು. ಯಾರಿಗೂ ಶಾಕು ಹೊಡೆಯದಿರಲಿ ಎಂದು ಬೀದಿಗೆಲ್ಲ ಕರೆಂಟು ತೆಗೆದಿದ್ದರು. ಮುನ್ನೆಚ್ಚರಿಕೆ ಎಂದರೆ ಇದು ನೋಡು.

ಕೊನೆಗೆ ನಮ್ಮನ್ನು ಉಳಿಸಿದ್ದು ಚಪ್ಪಲಿ. ಪಕ್ಕದ ಕ್ಷೌರದಂಗಡಿಯ ಕತ್ತರಿ ಮಾಮ ಬಾಗಿಲು ಬಡಿದೂ ಬಡಿದೂ ಸಾಕಾಗಿ, ಕಾಲಿನದನ್ನು ಕಿತ್ತು ಕಿಟಕಿಯಿಂದ ಎಸೆದ. ಅದು ನೇರ ನನ್ನ ಬೆನ್ನಿಗೆ ಬಿತ್ತು. ಕೆಂಡದಂಥ ಕೋಪದಲ್ಲಿ ತಿರುಗಿ ನೋಡಿದರೆ, ಮಾಮ ನಮ್ಮ ಜಗುಲಿಯ ಕೆಳಗೆ ಮೊಣಕಾಲುದ್ದ ನೀರಿನಲ್ಲಿ ನಿಂತು ಎರಡೂ ಕೈಯಲ್ಲಿ "ನೀರು, ನೀರು, ಹೊರಡಿ" ಎನ್ನುತ್ತಿದ್ದ. ಮಾತಾಡದೆ ಒಂದು ಗಳಿಗೆ ಇರಲಾರದ ಮನುಷ್ಯ ಅವನು. ನಮ್ಮೊಡನೆ ಹರಟಬೇಕೆಂಬ ಒಂದೇ ಆಸೆಗೆ ಇಪ್ಪತ್ತು ವರ್ಷದಲ್ಲಿ ನಮ್ಮ ಕೈಮಾತು ಕಲಿತ. ಆ ಚಪಲವೇ ಎರಡು ಜೀವ ಉಳಿಸಿತು. ಉಟ್ಟ ಬಟ್ಟೆಯಲ್ಲೇ ಹೊರಟೆವು. ದಾರಿಯಲ್ಲಿ ನನ್ನ ಫೋನು ನೀರು ಕುಡಿದು ಸತ್ತಿತು; ಈಗ ನಿನ್ನ ಮೆಸೇಜು ಬರುವುದು ಮಾಮನ ಫೋನಿಗೆ.

ಶಾಲೆಯೊಂದರ ದೊಡ್ಡ ಹಾಲಿನಲ್ಲಿ ನಮ್ಮನ್ನೆಲ್ಲ ಇಳಿಸಿದರು. ಎದುರಿಗೆ ಒಂದು ಮೇಜು, ಮೇಜಿನ ಮೇಲೆ ಒಂದು ಮೈಕು, ಮೈಕಿನ ಹಿಂದೆ ಒಬ್ಬ ಗುಮಾಸ್ತ. ನಾನು ಮುಷ್ಟಿಯನ್ನು ಬಾಯಿಗೆ ಹಿಡಿದು ಅವನಿಗೊಂದು ಹೆಸರಿಟ್ಟೆ. ನಿನಗೆ ಬರೆದು ಹೇಳುವುದಾದರೆ, ಮೈಕಪ್ಪ. ಊಟ ಎಂದರೆ ಮೈಕು, ಕಂಬಳಿ ಎಂದರೆ ಮೈಕು, ಡಾಕ್ಟರು ಬಂದರೆ ಮೈಕು. ಜನ ಎದ್ದರೆ ನಾವೂ ಎದ್ದೆವು, ಸಾಲು ನಿಂತರೆ ನಾವೂ ನಿಂತೆವು. ಒಂದು ಸಲ ಅರ್ಧ ಗಂಟೆ ನಿಂತ ಮೇಲೆ ಗೊತ್ತಾಯಿತು, ಅದು ಹಸುಗೂಸುಗಳಿಗೆ ಹಾಲಿನ ಪುಡಿ ಕೊಡುವ ಸಾಲು. ನಿನ್ನಮ್ಮ ನಕ್ಕಳು. ಆಗಿನ್ನೂ ನಗುವ ತ್ರಾಣ ಇತ್ತು.

ಕತ್ತರಿ ಮಾಮ ಜೊತೆಗಿದ್ದಾಗ ಪರವಾಗಿರಲಿಲ್ಲ. ಮರುದಿನ ಅವನು ಮುಳುಗಿದ ಅಂಗಡಿ ನೋಡಿಕೊಂಡು ಬರುತ್ತೇನೆಂದು ಹೋದ. ಅದೇ ದಿನ ಸಕ್ಕರೆ ಕಾಯಿಲೆಯವರಿಗೆ ಮಾತ್ರೆ ಹಂಚಿದರು. ಮೈಕಿನಲ್ಲಿ ಕರೆದು ಹಂಚಿದರು. ನಿನ್ನಮ್ಮನ ಮಾತ್ರೆ ಮನೆಯಲ್ಲೇ ಉಳಿದಿತ್ತು. ನಾನು ಕಾಗದದಲ್ಲಿ ಬರೆದು ಸ್ವಯಂಸೇವಕಿಯೊಬ್ಬಳಿಗೆ ತೋರಿಸಿದೆ. ಅವಳು ಓದಿ, ತಲೆಯಾಡಿಸಿ, ಮುಖಗವಸಿನ ಹಿಂದಿನಿಂದ ಏನೋ ಹೇಳಿದಳು. ನನಗೆ ಕೇಳುವುದಿಲ್ಲ ಎಂದು ಕಿವಿ ತೋರಿಸಿದರೆ, ಇನ್ನೂ ಜೋರಾಗಿ ಹೇಳಿದಳು. ಕತ್ತಿನ ನರ ಉಬ್ಬಿದ್ದು ನೋಡಿ ಕೂಗುತ್ತಿದ್ದಾಳೆಂದು ತಿಳಿಯಿತು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎನ್ನುತ್ತಾರಲ್ಲ, ಆ ಗಾದೆಯಲ್ಲಿ ಎಲ್ಲರೂ ಕೋಣವನ್ನೇ ಬೈಯುತ್ತಾರೆ. ಕಿನ್ನರಿಯವನಿಗೆ ಬುದ್ಧಿ ಬೇಡವೇ?

ಮಧ್ಯಾಹ್ನ ನಾನು ಕಕ್ಕಸಿನ ಸಾಲಿಗೆ ಹೋದೆ. ಮುಕ್ಕಾಲು ಗಂಟೆ ಬಿಟ್ಟು ಬಂದರೆ ಚಾಪೆ ಖಾಲಿ. ಅವಳ ಶಾಲು ಮಾತ್ರ ಮುದುಡಿ ಬಿದ್ದಿತ್ತು.

ಮಗಳೇ, ಆ ಹೊತ್ತನ್ನು ಹೇಗೆ ಬರೆಯಲಿ? ಅವಳನ್ನು ಕೂಗಿ ಕರೆಯುವ ಹಾಗಿಲ್ಲ, ಕರೆದರೂ ಅವಳಿಗೆ ಕೇಳುವ ಹಾಗಿಲ್ಲ. ಕೋಣೆ ಕೋಣೆ ನುಗ್ಗಿ ನೋಡಿದೆ. ಹೆಂಗಸರ ಕಕ್ಕಸಿನ ಬಾಗಿಲಲ್ಲಿ ನಿಂತು ಬೈಸಿಕೊಂಡೆ. "ನನ್ನ ಹೆಂಡತಿ ಎಲ್ಲಿ?" ಎಂದು ಬರೆದ ಕಾಗದವನ್ನು ಹಿಡಿದು ಹಾಲೆಲ್ಲ ಸುತ್ತಿದೆ. ಮೈಕಪ್ಪನಿಗೂ ಹಿಡಿದೆ, ಅವನು ಓದದೆಯೇ ಸಾಲಿನ ಕಡೆ ಬೆರಳು ತೋರಿಸಿದ. ಪಕ್ಕದ ಚಾಪೆಯ ಟೈಲರ್ ಅಕ್ಕ ಒಬ್ಬಳೇ ಕಾಗದ ಕಿತ್ತುಕೊಂಡು ಉತ್ತರ ಬರೆದಳು: "ತಲೆ ತಿರುಗಿ ಬಿದ್ರು. ವ್ಯಾನಲ್ಲಿ ಕರ್ಕೊಂಡು ಹೋದ್ರು. ಎಲ್ಲಿಗೆ ಅಂತ ಕೇಳ್ದೆ, ಹೇಳಲಿಲ್ಲ. ನಿಮ್ಮನ್ನ ಕರೆಯೋಕೆ ಏಳೋಣ ಅಂದ್ರೆ ನನಗೆ ಕಾಲಿಲ್ಲ."

ಅವಳ ಗಾಲಿಕುರ್ಚಿ ಅವಳ ಮನೆಯ ಮುಂದೆಯೇ ಉಳಿದಿತ್ತು. ದೋಣಿಯವರು "ಲಗೇಜು ಹಾಕಂಗಿಲ್ಲ ಅಕ್ಕ" ಅಂದರಂತೆ. ಅವಳು "ಅದು ಲಗೇಜಲ್ಲಪ್ಪ, ನನ್ನ ಕಾಲು" ಅಂದಳಂತೆ. ಎರಡು ದಿನದಿಂದ ಆ ಹೆಣ್ಣುಮಗಳು ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಕಕ್ಕಸಿಗೆ ಆರು ಮೆಟ್ಟಿಲು, ಯಾರನ್ನಾದರೂ ಎಷ್ಟು ಸಲ ಎತ್ತಿಕೊಳ್ಳಿ ಎಂದು ಕೇಳುವುದು?

ಒಂದೂವರೆ ದಿನ ಕಳೆಯಿತು. ನಾನು ಬಾಗಿಲ ಬಳಿ ಕೂತು ಬಂದ ವ್ಯಾನುಗಳನ್ನೆಲ್ಲ ನೋಡಿದೆ. ಮೂರನೇ ದಿನ ಸಂಜೆ ಕತ್ತರಿ ಮಾಮ ಬಂದವನೇ ನನ್ನ ರಟ್ಟೆ ಹಿಡಿದು ಮೇಜಿನ ಹತ್ತಿರ ದರದರ ಎಳೆದುಕೊಂಡು ಹೋದ. ಅವನು ಒಳಗೆ ಕಾಲಿಡುವಾಗ ಮೈಕಪ್ಪ ಏನು ಕೂಗುತ್ತಿದ್ದ ಗೊತ್ತೇ? "ಕಿವುಡ ಪೇಂಟರ್ ಎಲ್ಲಿದ್ರೂ ಆಫೀಸಿಗೆ ಬರಬೇಕು, ನಿಮ್ಮ ಮಗಳಿಂದ ಫೋನಿದೆ!"

ನೀನು ಆಗಲೇ ಹನ್ನೊಂದು ಸಲ ಫೋನು ಮಾಡಿದ್ದೆ. ನಿನ್ನಮ್ಮ ಇನ್ನೊಂದು ಶಿಬಿರದಲ್ಲಿ ಕಣ್ಣುಬಿಟ್ಟು, ನರ್ಸಿನ ಅಂಗೈಮೇಲೆ ನಿನ್ನ ನಂಬರು ಬರೆದಿದ್ದಳು. ನರ್ಸು ನಿನಗೆ ಹೇಳಿದಳು, ನೀನು ಇವರಿಗೆ ಹೇಳಿದೆ. "ನಮ್ಮಪ್ಪಂಗೆ ಕಿವಿ ಕೇಳಲ್ಲ, ದಯವಿಟ್ಟು ಚೀಟೀಲಿ ಬರೆದು ತೋರಿಸಿ" ಎಂದು ನೀನು ಪ್ರತಿ ಸಲವೂ ಅತ್ತೆಯಂತೆ. ಅವರು ಪ್ರತಿ ಸಲವೂ ನನ್ನನ್ನು ಮೈಕಿನಲ್ಲಿ ಕರೆದರಂತೆ. ನಾನು ಕೂತಿದ್ದದ್ದು ಮೇಜಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ.

ಮೇಜಿನ ಮೇಲೆ ರಿಜಿಸ್ಟರು ತೆರೆದಿತ್ತು. ಕಂಬಳಿ, ಮಾತ್ರೆ, ಬಟ್ಟೆ, ಎಲ್ಲದರ ಮುಂದೆ ನನ್ನ ಹೆಸರಿಗೆ ಒಂದೇ ಷರಾ: "ಮೂರು ಸಲ ಕೂಗಲಾಯಿತು. ಗೈರು." ನನ್ನ ಮಗಳ ಫೋನಿನ ಮುಂದೆಯೂ ಗೈರು.

ನನಗೆ ಏನಾಯಿತೋ ಕಾಣೆ. ಮೇಜಿನ ಮೇಲಿದ್ದ ದಪ್ಪ ಕಪ್ಪು ಪೆನ್ನನ್ನು ಕಿತ್ತುಕೊಂಡೆ. ಮೈಕಪ್ಪನ ಹಿಂದಿನ ಸುಣ್ಣದ ಗೋಡೆಯ ಮೇಲೆ, ಮೊಳದುದ್ದದ ಅಕ್ಷರದಲ್ಲಿ ಬರೆದೆ: "ನಾನು ಇಲ್ಲೇ ಇದ್ದೆ." ಮೂವತ್ತೈದು ವರ್ಷ ಊರಿನ ಅಂಗಡಿಗಳ ಹೆಸರೆಲ್ಲ ಬರೆದ ಕೈ ಇದು. ನನ್ನ ಬಗ್ಗೆ ಬರೆದದ್ದು ಅದೇ ಮೊದಲು. ಮೈಕಪ್ಪ ಎದ್ದು ನಿಂತು ಬಾಯಿ ಬಡಿದುಕೊಂಡ. "ಗೋಡೆ ಹಾಳು ಮಾಡ್ತೀರಾ!" ಅಂದನಂತೆ. ಅದಕ್ಕೆ ಮಾಮ, "ನೀವು ಮನುಷ್ಯರನ್ನ ಹಾಳು ಮಾಡಿದ್ರಲ್ಲ ಸ್ವಾಮಿ, ಗೋಡೆಗೆ ಸುಣ್ಣ ಹೊಡೆದ್ರೆ ಹೋಗುತ್ತೆ" ಅಂದನಂತೆ.

ನಿನ್ನಮ್ಮನನ್ನು ಆ ಶಿಬಿರದಲ್ಲಿ ಕಂಡದ್ದು, ಅವಳು ನನ್ನನ್ನು ಕಂಡ ಕೂಡಲೇ ಎರಡೂ ಕೈಯಲ್ಲಿ ಎದೆಗೆ ಗುದ್ದಿ ಆಮೇಲೆ ಹಿಡಿದುಕೊಂಡದ್ದು, ಅದು ಗಂಡ ಹೆಂಡಿರ ವಿಷಯ, ಬಿಡು.

ನೀರಿಳಿದ ಮೇಲೆ ಶುರುವಾಯಿತು ನೋಡು, ಕಾಗದದ ಪ್ರವಾಹ. ಅಂಗವಿಕಲರಿಗೂ ಮನೆಯವರಿಗೂ ಬೇರೆಯೇ ನೆರವಿದೆ ಎಂದರು. ಹೋದ ಸಾಮಾನು, ಯಂತ್ರ, ಗಾಲಿಕುರ್ಚಿ, ಔಷಧಿ, ಎಲ್ಲಕ್ಕೂ. ಸಂತೋಷ. ಆದರೆ ಕಿವುಡ ಎಂಬುದಕ್ಕೆ ಪತ್ರ ತೋರಿಸಬೇಕು. ಪತ್ರ ಹೊಳೆಪಾಲಾಗಿದೆ ಎಂದರೆ, ಸಹಾಯವಾಣಿಗೆ ಫೋನು ಮಾಡಿ ಅನ್ನುತ್ತಾರೆ. ಮಾಮ ಮಾಡಿದ. ಆ ಕಡೆಯವರು, "ಅರ್ಜಿದಾರರೇ ಮಾತಾಡಬೇಕು" ಎಂದರು. ಮಾಮ ನನ್ನ ಕಡೆ ನೋಡಿದ, ಗಂಟಲು ಸರಿಮಾಡಿಕೊಂಡ. "ಹ್ಞಾ, ನಾನೇ ಮಾತಾಡ್ತಿರೋದು, ಹೇಳಿ" ಎಂದ. "ನಿಮಗೆ ಸ್ಪಷ್ಟವಾಗಿ ಕೇಳಿಸ್ತಿದೆಯಾ?" ಎಂದು ಅವರು ಕೇಳಿದರಂತೆ. ಮಾತಿನ ಭರದಲ್ಲಿ ನಮ್ಮ ಪುಣ್ಯಾತ್ಮ, "ಬಹಳ ಚೆನ್ನಾಗಿ ಕೇಳಿಸ್ತಿದೆ" ಎಂದುಬಿಟ್ಟನಂತೆ. ವಾರದ ನಂತರ ಅರ್ಜಿ ವಾಪಸು ಬಂತು. ಕಾರಣ: ಅರ್ಜಿದಾರರಿಗೆ ಕಿವಿ ಕೇಳಿಸುತ್ತದೆ. ಮಾಮ ಮೂರು ದಿನ ನನಗೆ ಮುಖ ತೋರಿಸಲಿಲ್ಲ. ಅವನ ಮೇಲೆ ನನಗೆ ಕೋಪವಿಲ್ಲ. ಕಿವುಡನ ಕಿವಿಯನ್ನು ಫೋನಿನಲ್ಲಿ ಪರೀಕ್ಷೆ ಮಾಡಿದ ಮಹಾನುಭಾವರ ಮೇಲಿದೆ.

ಕಚೇರಿಗೇ ಹೋದೆವು. ಅಲ್ಲಿ ನನ್ನ ಚೀಟಿ ಓದಿ ಅಧಿಕಾರಿ ತಲೆಯೆತ್ತದೆ ಬರೆದುಕೊಟ್ಟರು: "ಮಗಳನ್ನು ಕರೆಸಿ."

ಇಲ್ಲಿಗೆ ಬಂದೆ ನೋಡು, ನಾನು ಬರೆಯಬೇಕೆಂದಿದ್ದ ಮಾತಿಗೆ. ಈ ಎರಡು ಪದವನ್ನು ನಾನು ನಿನಗೆ ಆರು ವರ್ಷವಾದಾಗಿನಿಂದ ನೋಡಿದ್ದೇನೆ. ಮೇಜಿನಷ್ಟೂ ಎತ್ತರವಿರದ ನೀನು ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಕರೆಂಟಿನ ಆಫೀಸಿನಲ್ಲಿ ತುದಿಗಾಲಲ್ಲಿ ನಿಂತು ನಮ್ಮ ಮಾತು ಆಡಿದೆ. ಅವರು ನಿನ್ನ ಮುಖ ನೋಡಿ ಮಾತಾಡುತ್ತಿದ್ದರು, ನನ್ನದನ್ನಲ್ಲ. ನೀನು ಹುಟ್ಟಿದಾಗ ದಾದಿ ನಿನ್ನ ಕಿವಿಯ ಬಳಿ ಚಪ್ಪಾಳೆ ತಟ್ಟಿದಳು, ನೀನು ಬೆಚ್ಚಿದೆ, ಮನೆಯವರೆಲ್ಲ ಕುಣಿದಾಡಿದರು. ನಾನೂ ನಕ್ಕೆ. ಒಳಗೊಳಗೇ ನನ್ನ ಕೂಸು ಪರದೇಶಿಯಾಯಿತಲ್ಲ ಎಂದೂ ಅನ್ನಿಸಿತು. ನಾಚಿಕೆಯಿಂದ ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಆಮೇಲೆ ಅದೇ ನಿನ್ನ ಕಿವಿಯನ್ನು ಊರುಗೋಲು ಮಾಡಿಕೊಂಡೆ. ಸಂಕಟವಾಗುತ್ತದೆ.

ಈ ಸಲ ನಾನು ಆ ಚೀಟಿಯ ಕೆಳಗೇ ಬರೆದೆ: "ಮಗಳು ನಿಮ್ಮ ಕಚೇರಿಯ ಸಿಬ್ಬಂದಿಯಲ್ಲ. ಕೈಮಾತು ಬಲ್ಲವರನ್ನು ಕರೆಸುವುದು ನಿಮ್ಮ ಕೆಲಸ. ಕಾಯುತ್ತೇವೆ." ನಾನು, ನಿನ್ನಮ್ಮ, ಮಾಮನ ಬೆನ್ನಮೇಲೆ ಬಂದ ಟೈಲರ್ ಅಕ್ಕ, ಮೂವರೂ ಬೆಂಚಿನಲ್ಲಿ ಕೂತೆವು. ಹತ್ತು ಗಂಟೆಗೆ ಕೂತವರು ಮೂರಾದರೂ ಏಳಲಿಲ್ಲ. ಜವಾನ ಬಂದು ನೋಡಿದ, ಕಸ ಗುಡಿಸುವವಳು ನಮ್ಮ ಕಾಲ ಸುತ್ತ ಗುಡಿಸಿಕೊಂಡು ಹೋದಳು. ಅಧಿಕಾರಿ ಎರಡು ಸಲ ಹೊರಗೆ ಬಂದು ಒಳಗೆ ಹೋದರು. ಕೊನೆಗೆ ಅವರಿಗೂ ರೋಸಿತೋ ನಾಚಿಕೆಯಾಯಿತೋ, ಕಿವುಡ ಮಕ್ಕಳ ಶಾಲೆಯ ಟೀಚರೊಬ್ಬರನ್ನು ಕರೆಸಿದರು.

ಮಗಳೇ, ನಲವತ್ತು ನಿಮಿಷ ಮಾತಾಡಿದೆ. ನನ್ನ ಕೈ ನೋಯುವಷ್ಟು. ಜೀಪಿನ ವಿಷಯ, ಬಲ್ಬಿನ ವಿಷಯ, ಗೈರು ಎಂಬ ಷರಾ. ಬೀದಿಗೊಬ್ಬರು ಮನೆಮನೆಗೆ ಹೋಗಿ ಮುಟ್ಟಿ ಎಬ್ಬಿಸಬೇಕು, ಮೈಕಿನಲ್ಲಿ ಹೇಳಿದ್ದೆಲ್ಲ ಬೋರ್ಡಿನ ಮೇಲೂ ಬರೆಯಬೇಕು, ಕಣ್ಣು ಕಾಣದವರಿಗೆ ಹತ್ತಿರ ಹೋಗಿ ಹೇಳಬೇಕು, ಗಾಲಿಕುರ್ಚಿ ಲಗೇಜಲ್ಲ, ಗಂಡನನ್ನೋ ಹೆಂಡತಿಯನ್ನೋ ಬಿಟ್ಟು ಯಾರನ್ನೂ ಸಾಗಿಸಬಾರದು. ಅಧಿಕಾರಿ ಬರೆದುಕೊಂಡರು. ನಡುವೆ ಒಂದೆರಡು ಬೈಗುಳವನ್ನೂ ಹಾಕಿದೆ. ಟೀಚರು ಅವನ್ನೂ ಬಿಡದೆ ಹೇಳಿದರೆಂದು ಅಧಿಕಾರಿಯ ಕಿವಿ ಕೆಂಪಾದದ್ದರಿಂದ ತಿಳಿಯಿತು. ನಿನ್ನ ಬಾಯಿಂದ ಅವನ್ನು ಆಡಿಸುತ್ತಿದ್ದೆನೇ?

ಆಗ ನಿನ್ನಮ್ಮ ಎದ್ದಳು. ಜನರೆದುರು ಶಾಲಿನ ಮರೆಯಲ್ಲಿ ಗೇಣುದ್ದ ಕೈಯಾಡಿಸುವವಳು ಅವಳು, ನಿನಗೆ ಗೊತ್ತು. ಶಾಲನ್ನು ತೆಗೆದು ಬೆಂಚಿನ ಮೇಲಿಟ್ಟಳು. ತೋಳು ಬಿಡಿಸಿ ಹೇಳಿದಳು: "ಎಷ್ಟು ಕೂಗಿದ್ರೂ ನಿಮ್ಮೆಜಮಾನ್ರು ಬರ್ತಿಲ್ಲವಂತೆ ಅಂತ ನರ್ಸು ಬರೆದು ತೋರಿಸಿದ್ಲು. ಒಂದೂವರೆ ದಿನ ನಾನು ನನ್ನ ಗಂಡ ಸತ್ತಿದ್ದಾನೆ ಅಂತ ತಿಳ್ಕೊಂಡು ಮಲಗಿದ್ದೆ. ಯಾರೂ ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಮಾತ್ರೆ ಕೊಟ್ರು, ನುಂಗಲಿಲ್ಲ. ಯಾತಕ್ಕೆ ಅಂತ. ನಿಮ್ಮ ಫಾರಮ್ಮಲ್ಲಿ ಹೋದ ಸಾಮಾನಿಗೆಲ್ಲ ಜಾಗ ಇದೆ. ಈ ಒಂದೂವರೆ ದಿನವನ್ನ ಎಲ್ಲಿ ಬರೀಲಿ, ತೋರಿಸಿ."

ಟೀಚರ ತುಟಿ ಅರ್ಧಕ್ಕೇ ನಿಂತದ್ದನ್ನು ಕಂಡೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹೇಳಿದರು. ಅಧಿಕಾರಿ ಪೆನ್ನು ಕೆಳಗಿಟ್ಟರು, ಮತ್ತು ಮೊದಲ ಬಾರಿಗೆ ಟೀಚರ ಮುಖವನ್ನಲ್ಲ, ನಿನ್ನಮ್ಮನ ಮುಖವನ್ನು ನೋಡಿದರು.

ಮಾತ್ರೆ ನುಂಗದ ವಿಷಯ ನನಗೂ ಅಲ್ಲೇ ಗೊತ್ತಾದದ್ದು.

ಫಲ ಏನು ಎಂದು ಕೇಳುತ್ತೀಯ. ನನ್ನ ಅರ್ಜಿ ಒಪ್ಪಿದ್ದಾರೆ. ಶಿಬಿರಗಳಲ್ಲಿ ಬೋರ್ಡಿನ ಮೇಲೂ ಬರೆಯಲು ಆಜ್ಞೆಯಾಗಿದೆ, ಬೀದಿಗೊಬ್ಬರ ಪಟ್ಟಿ ಇನ್ನೂ "ಪರಿಶೀಲನೆಯಲ್ಲಿ" ಇದೆ. ಟೈಲರ್ ಅಕ್ಕನಿಗೆ ಗಾಲಿಕುರ್ಚಿ ಬಂತು, ಮಕ್ಕಳ ಅಳತೆಯದ್ದು. ಅದನ್ನು ವಾಪಸು ಮಾಡಲು ಮತ್ತೊಂದು ಫಾರಮ್ಮು. ನಾಳೆ ನಾವೆಲ್ಲ ಮತ್ತೆ ಹೋಗಿ ಅದೇ ಬೆಂಚಿನಲ್ಲಿ ಕೂರುತ್ತೇವೆ.

ನೀನು ಬರಬೇಡ. ನೀನು ಜೊತೆಗಿದ್ದಿದ್ದರೆ ನಿನ್ನಮ್ಮ ಆ ಮಾತನ್ನು ಆಡುತ್ತಿರಲಿಲ್ಲ. ಯಾವ ತಾಯಿ ಅಂಥ ಮಾತನ್ನು ತನ್ನ ಮಗಳ ಬಾಯಲ್ಲಿ ಹೇಳಿಸುತ್ತಾಳೆ? ಇಷ್ಟು ವರ್ಷ ನಿನಗೆ ನೋವಾಗದಷ್ಟು ಕತ್ತರಿಸಿ, ನಿನ್ನ ಎಳೆ ನಾಲಗೆಗೆ ಹಿಡಿಸುವಷ್ಟು ಮಾತ್ರ ಲೋಕದೊಡನೆ ಮಾತಾಡಿದ್ದೇವೆ. ಅದು ನಿನ್ನ ತಪ್ಪಲ್ಲ. ನಮ್ಮದೂ ಅಲ್ಲ. ಆದರೆ ಸಾಕು.

ಹೆರಿಗೆಯಾಗಲಿ, ಬಾಣಂತನ ಮುಗಿಯಲಿ. ಆಮೇಲೆ ಬಾ, ಕಾಲು ಚಾಚಿ ಕೂತು ಅಮ್ಮನ ಕೈಯಲ್ಲಿ ಬೈಸಿಕೊಳ್ಳುವ ಮಗಳಾಗಿ ಬಾ. ನಿನ್ನ ಕೂಸು ಚಪ್ಪಾಳೆಗೆ ಬೆಚ್ಚಲಿ, ಬೆಚ್ಚದಿರಲಿ, ಎತ್ತಿಕೊಳ್ಳಲು ನನಗೆ ಎರಡು ಕೈಯಿದೆ. ನಿನ್ನ ಹೊಟ್ಟೆ ತಣ್ಣಗಿರಲಿ, ನಡು ಗಟ್ಟಿಯಿರಲಿ, ಹೆರಿಗೆ ಹೂ ಎತ್ತಿದಷ್ಟು ಹಗುರಾಗಲಿ.

ಸಿಟ್ಟು ಇನ್ನೂ ಇಳಿಯದ, ಆದರೆ ನಿನ್ನ ಮೇಲೆ ಎಳ್ಳಷ್ಟೂ ಇಲ್ಲದ,
ನಿನ್ನ ಅಪ್ಪ