ಡಂಬ್‌ಬೆಲ್ ತಂದದ್ದು ಯಾಕೆಂದರೆ

ಅಮ್ಮಾ,

ಒಂದೇ ಮನೆಯಲ್ಲಿದ್ದುಕೊಂಡು ಇದೇನು ಕಾಗದ ಬರೆಯುವ ಹುಚ್ಚು ಎನ್ನಬೇಡ. ಬಾಯಲ್ಲಿ ಹೇಳಬೇಕೆಂದರೆ ನಿನ್ನ ಕಿವಿಗೆ ಬೀಳುವಷ್ಟು ಕೂಗಬೇಕು. ಕೂಗಿದರೆ ಮೇಲಿನ ಮನೆಯವರಿಗೂ ಕೇಳುತ್ತದೆ. ಇದು ನಮ್ಮಿಬ್ಬರ ನಡುವೆಯೇ ಇರಬೇಕಾದ ಮಾತು.

ನಾನು ಡಂಬ್‌ಬೆಲ್ ತಂದ ದಿನ ನೀನು ಕನ್ನಡಕ ಏರಿಸಿಕೊಂಡು ನೋಡಿ, "ಐವತ್ತು ದಾಟಿದ ಮೇಲೆ ಯಾರನ್ನ ಮೆಚ್ಚಿಸೋಕೆ ಕಣೇ ಈ ಕಸರತ್ತು?" ಅಂದೆ. ನಾನು ನಕ್ಕುಬಿಟ್ಟೆ. ನಿಜವಾದ ಕಾರಣ ಹೇಳಿದ್ದರೆ, ಮಗಳಿಗೆ ತೊಂದರೆಯಾಯಿತೆಂದು ಅವತ್ತೇ ಬ್ಯಾಗು ತುಂಬಿಕೊಂಡು ಅಣ್ಣನ ಮನೆಗೆ ಹೊರಟುಬಿಡುತ್ತಿದ್ದೆ ನೀನು.

ಕಾರಣ ಇಷ್ಟೆ. ನೀನು ಬಚ್ಚಲಲ್ಲಿ ಜಾರಿ ಬಿದ್ದಾಗ ನಿನ್ನನ್ನು ಎತ್ತಲು ನನ್ನಿಂದಾಗಲಿಲ್ಲ. ಕಂಕುಳಿಗೆ ಕೈಹಾಕಿ ಎಳೆದೆ, ನೀನು ಕದಲಲಿಲ್ಲ. ಕೊನೆಗೆ ಪಕ್ಕದ ಮನೆಯ ಡ್ರೈವರ್ ಬಂದು ಎತ್ತಿದ. ಒಳ್ಳೆಯವನು, ಮುಖ ಆಚೆ ತಿರುಗಿಸಿಕೊಂಡೇ ಎತ್ತಿದ. ಆದರೆ ನೀನು ಒದ್ದೆ ಟವೆಲನ್ನು ಎದೆಗೆ ಅವುಚಿಕೊಂಡು ಕಣ್ಣು ಮುಚ್ಚಿದ್ದನ್ನು ನಾನು ನೋಡಿದೆ. ಇನ್ನೊಂದು ಸಲ ನಿನಗೆ ಹಾಗಾಗಬಾರದು ಅನ್ನಿಸಿತು.

ಅಂಗಡಿಗೆ ಹೋದರೆ ತಲೆ ಕೆಟ್ಟುಹೋಯಿತು. ಕಬ್ಬಿಣದ್ದು, ರಬ್ಬರ್ ಹೊದಿಸಿದ್ದು, ಬಿಲ್ಲೆ ಬಿಚ್ಚಿ ಸೇರಿಸುವಂಥದ್ದು. ಕನ್ನಡಕದಂಗಡಿಯ ಕೆಲಸದಲ್ಲಿ ದಿನವಿಡೀ ಗಾಜು ಉಜ್ಜುವ ಕೈಗೆ ಭಾರವೆಂದರೆ ಏನು ಗೊತ್ತು? ನಿನ್ನನ್ನು ಎತ್ತಬೇಕಲ್ಲ ಎಂಬ ಆವೇಶದಲ್ಲಿ ಹತ್ತು ಕೆಜಿಯ ಜೋಡಿಗೇ ಕೈಹಾಕಿದೆ. ಅಂಗಡಿಯವಳು ನಗು ತಡೆದುಕೊಂಡು, "ಮೇಡಂ, ಹತ್ತು ಸಲ ಎತ್ತೋಕಾಗ್ಬೇಕು. ಕೊನೇ ಎರಡು ಸಲ ಕಷ್ಟ ಆಗ್ಬೇಕು, ಮೊದಲ್ನೇದೇ ಅಲ್ಲ," ಅಂದಳು. ಆ ಲೆಕ್ಕದಲ್ಲಿ ನನ್ನ ಯೋಗ್ಯತೆ ಮೂರು ಕೆಜಿಗೆ ಬಂದು ನಿಂತಿತು! ಮರ್ಯಾದೆ ಹೋದರೂ ಬುದ್ಧಿ ಬಂತು. ಬಿಲ್ಲೆ ಸೇರಿಸುವಂಥದ್ದನ್ನೇ ಕೊಂಡೆ. ತೋಳು ಬಲಿತಂತೆ ತೂಕ ಏರಿಸಬಹುದು, ಮತ್ತೆ ಮತ್ತೆ ಹೊಸ ಜೋಡಿ ಬೇಕಿಲ್ಲ. ಹಿಡಿ ಒರಟಾಗಿದೆ ಎಂದು ನೀನು ಮೂಗು ಮುರಿದೆಯಲ್ಲ, ಅದು ಬೆವರಿಗೆ ಜಾರದಿರಲೆಂದು. ಮನುಷ್ಯರನ್ನು ಎತ್ತಲು ತೋಳೊಂದೇ ಸಾಲದು, ಮಂಡಿ ಬಗ್ಗಿಸಿ ತೊಡೆಯ ಬಲದಿಂದ ಏಳಬೇಕು ಅಂತಲೂ ಅವಳೇ ಹೇಳಿಕೊಟ್ಟಳು. ನೀನು ಕಪ್ಪೆಯಾಟ ಅಂತ ಆಡಿಕೊಳ್ಳುವುದು ಅದನ್ನೇ.

ಈಗ ಐದು ಕೆಜಿಗೆ ಬಂದಿದ್ದೇನೆ. ಆದರೆ ಇತ್ತ ನಿನ್ನ ತಟ್ಟೆಯಲ್ಲಿ ಅರ್ಧ ಊಟ ಹಾಗೇ ಉಳಿಯತೊಡಗಿತು. ಬಾಯಿರುಚಿ ಕೆಟ್ಟಿದೆ ಅಂದೆ ನೀನು; ನಾನೂ ನಂಬಿದೆ. ಬಳೆ ಮೊಣಕೈವರೆಗೆ ಜಾರುವಂತಾದಾಗ ಹೆದರಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ನಿನ್ನನ್ನು ಹೊರಗೆ ಕೂರಿಸಿ ಅವರು, "ಕಾಯಿಲೆ ಏನೂ ಇಲ್ಲ. ಆದ್ರೆ ಹೀಗೇ ಇಳೀತಾ ಹೋದ್ರೆ ಕಾಲಲ್ಲಿ ಶಕ್ತಿನೇ ಇರಲ್ಲ, ಮತ್ತೆ ಬೀಳ್ತಾರೆ. ಆಗ ಏಳೋದು ಕಷ್ಟ," ಅಂದರು.

ಮೊನ್ನೆ ನೀನು ಫೋನನ್ನು ಕಿವಿಗೆ ಒತ್ತಿಕೊಂಡು ಚಿಕ್ಕಮ್ಮನಿಗೆ ಗುಟ್ಟು ಹೇಳುತ್ತಿದ್ದೆ. ನಿನ್ನ ಗುಟ್ಟು ಬೀದಿಯ ತುದಿಗೂ ಕೇಳುತ್ತದೆಂದು ನಿನಗೆ ಗೊತ್ತಿಲ್ಲ. "ಬೇಕಂತಲೇ ಕಮ್ಮಿ ತಿಂತಿದೀನಿ ಕಣೇ. ನಾನು ಸ್ವಲ್ಪ ಇಳಿದ್ರೆ ಅವಳಿಗೆ ಎತ್ತೋಕೆ ಸುಲಭ. ಪಾಪ, ಅವತ್ತು ಎಷ್ಟು ಒದ್ದಾಡಿದ್ಲು."

ನಾನು ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಆಮೇಲೆ ಸಿಟ್ಟು ಬಂತು, ಅದಿನ್ನೂ ಇಳಿದಿಲ್ಲ. ನಾನು ನಿನ್ನನ್ನು ಎತ್ತುವಷ್ಟು ಗಟ್ಟಿಯಾಗಲು ಹೊರಟರೆ, ನೀನು ಎತ್ತಲು ಏನೂ ಉಳಿಯದ ಹಾಗೆ ಕರಗಲು ಹೊರಟಿದ್ದೀಯ. ಇದು ಯಾವ ನ್ಯಾಯ, ಅಮ್ಮಾ? ನೀನೇ ಇಲ್ಲದ ಮನೆಯಲ್ಲಿ ಈ ತೋಳು ಕಟ್ಟಿಕೊಂಡು ನಾನೇನು ಮಾಡಲಿ?

ಕಾಗದವನ್ನು ನಿನ್ನ ತಟ್ಟೆಯ ಪಕ್ಕದಲ್ಲಿಟ್ಟಿದ್ದೇನೆ. ಉತ್ತರ ಬೇಡ, ಊಟ ಮುಗಿಸು. ನೀನು ಒಂದು ಕೆಜಿ ಏರಿದರೆ ನಾನು ಒಂದು ಬಿಲ್ಲೆ ಸೇರಿಸುತ್ತೇನೆ, ಆ ಚಿಂತೆ ನನಗಿರಲಿ. ಮಗಳು ತಾಯಿಯನ್ನು ಹರಸುವ ಹಾಗಿಲ್ಲ, ಆದರೂ ಹರಸುತ್ತಿದ್ದೇನೆ: ಚೆನ್ನಾಗಿ ತಿಂದು, ಭಾರವಾಗಿರು.

ಇಂತಿ,
ನಿನ್ನ ಮಗಳು